ಮೋಟರ್ ತಿಂದ ಬಿಸಿ

ಮಾರ್ಚ್ ಮೊದಲ ವಾರ. ರೋಬಸ್ಟಾ ಕಾಫಿಯ ಮೊಗ್ಗುಗಳು ನೀರಿಗಾಗಿ ಕಾದಿದ್ದವು, ಹೂಮಳೆಯ ಸುಳಿವೇ ಇರಲಿಲ್ಲ. ಗೋಣಿಕೊಪ್ಪದ ಬಳಿಯ ನಮ್ಮ ತೋಟದಲ್ಲಿ ಸ್ಪ್ರಿಂಕ್ಲರ್ ಹಾಕಿದ ಎರಡನೇ ದಿನವೇ ಕೆರೆಯ ಬದಿಯ ಮೋಟರ್ ಸುಟ್ಟಿತು. ರಜೆಗೆ ಬಂದಿದ್ದ ನಾನೂ ಅಪ್ಪನೂ ಅದನ್ನು ಜೀಪಿಗೆ ಹೇರಿಕೊಂಡು ವೈಂಡಿಂಗ್ ಅಂಗಡಿಗೆ ಹೋದೆವು.

ಮುಚ್ಚಳ ಬಿಚ್ಚಿದೊಡನೆ ಸುಟ್ಟ ವಾರ್ನಿಷಿನ ಕಮಟು. ಒಂದು ಸುರುಳಿ ಇದ್ದಿಲಿನಂತೆ ಕಪ್ಪಾಗಿತ್ತು. ಪಕ್ಕದವು ಸುಟ್ಟಿರಲಿಲ್ಲ, ಆದರೆ ಉಗುರು ತಾಗಿಸಿದರೆ ಪದರ ಉದುರುತ್ತಿತ್ತು.

"ನಿನ್ನೆ ವೋಲ್ಟೇಜ್ ಇಳಿದದ್ದಕ್ಕೇ ಹೋಯಿತಲ್ಲವೇ?" ಎಂದರು ಅಪ್ಪ.

"ನಿನ್ನೆಯದು ಕೊನೆಯ ಪೆಟ್ಟು ಸಾರ್. ಹಿಂದಿನ ಬೇಸಿಗೆಗಳಲ್ಲಿ ತಿಂದ ಬಿಸಿಯೂ ಇದರೊಳಗಿದೆ" ಎಂದ ಅಂಗಡಿಯವ.

ನನಗೆ ಎದೆ ಧಸಕ್ಕೆಂದಿತು. ಇಂಥದೇ ತಂತಿಯ ನಿರೋಧಕ ಪದರದ ಆಯಸ್ಸು ಅಳೆಯುವುದು ನನ್ನ ಕೆಲಸ. ವರ್ಷಗಟ್ಟಲೆ ಕಾಯಲಾಗದೆ ಮಾದರಿಗಳನ್ನು ಒಲೆಯಲ್ಲಿಟ್ಟು ಹಂತಹಂತವಾಗಿ ಉಷ್ಣತೆ ಏರಿಸುತ್ತೇವೆ. 180 ಡಿಗ್ರಿಯಲ್ಲಿ 100 ಗಂಟೆ ಉಳಿದವು 190ಕ್ಕೆ ಹೋಗುತ್ತವೆ. ನಾನು ಅಲ್ಲಿ ಗಡಿಯಾರವನ್ನು ಸೊನ್ನೆಯಿಂದ ಶುರುಮಾಡಿದ್ದೆ, ಅವು ಹೊಸ ತಂತಿಗಳೇ ಎಂಬಂತೆ.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವೇಯ್ನ್ ನೆಲ್ಸನ್ 1980ರಲ್ಲೇ ಇದಕ್ಕೆ ದಾರಿ ತೋರಿಸಿದ್ದರು: ಉಳಿದ ಆಯಸ್ಸನ್ನು ನಿರ್ಧರಿಸುವುದು ಈವರೆಗೆ ಕೂಡಿಬಂದ ಸವೆತ ಮತ್ತು ಈಗಿನ ಒತ್ತಡ, ಅಂದರೆ ಇಲ್ಲಿ ಉಷ್ಣತೆ. ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧವಾಗುತ್ತದೆಂಬ ಸ್ಥೂಲ ಲೆಕ್ಕ ಹಿಡಿದರೆ, 180ರ 100 ಗಂಟೆ 190ರ 50 ಗಂಟೆಗೆ ಸಮ. ಎರಡನೇ ಹಂತದ ಗಡಿಯಾರ ಸೊನ್ನೆಯಿಂದಲ್ಲ, 100ರಿಂದಲೂ ಅಲ್ಲ, 50ರಿಂದ ಹೊರಡಬೇಕು. ಹಾಗೆ ಮಾಡದಿದ್ದರೆ ಮೇಲಿನ ಹಂತದ ಆಯಸ್ಸು ಇರುವುದಕ್ಕಿಂತ ಗಿಡ್ಡವಾಗಿ ಕಾಣುತ್ತದೆ, ಉಷ್ಣತೆಯ ಪ್ರಭಾವ ಅತಿಯಾಗಿ ತೋರುತ್ತದೆ. ಆ ಗೆರೆಯನ್ನೇ ದಿನಬಳಕೆಯ ಉಷ್ಣತೆಗೆ ಎಳೆದರೆ ಸಿಗುವುದು ಸುಳ್ಳು ದೀರ್ಘಾಯುಸ್ಸು. ಅದನ್ನು ನಂಬಿ ಮೋಟರ್ ಕೊಳ್ಳುವವರು ಅಪ್ಪನಂಥವರು.

ಅಂದು ರಾತ್ರಿಯೇ ಲೆಕ್ಕ ತಿದ್ದಿದೆ. ಆಯಸ್ಸಿನ ಅಂದಾಜು ಇಳಿಯಿತು. ಇಳಿದದ್ದನ್ನೇ ವರದಿಯಲ್ಲಿ ಬರೆದು ಕಳುಹಿಸಿದೆ.

ಮೂರನೇ ದಿನ ಮೋಟರ್ ಮರಳಿತು. ಅಪ್ಪ ವೋಲ್ಟ್‌ಮೀಟರ್ ಎದುರೇ ಕುರ್ಚಿ ಹಾಕಿಕೊಂಡರು. ಸಂಜೆ ಮುಳ್ಳು ಇಳಿದ ಕೂಡಲೇ ಎದ್ದು ಸ್ವಿಚ್ ಆಫ್ ಮಾಡಿದರು. ಕೆಳಗಿನ ತೋಟಕ್ಕೆ ನೀರು ಇನ್ನೂ ಬಾಕಿಯಿತ್ತು.