ನಿಮ್ಮ ಫಾರಿನ್ ಹುಡುಗ್ರು ಸೆಮಿನಾರ್‌ನ್ಯಾಗ ಯಾಕ ಬಾಯಿ ಬಿಡಂಗಿಲ್ರಿ?

ಬೆಳಗಾವ್ಯಾಗ ಪಬ್ಲಿಕ್ ಹೆಲ್ತ್ ಪಿಜಿ ಹುಡುಗ್ರಿಗೆ ಕಲಸ್ತೀನಿ ಅಂತ ಗೊತ್ತಾದ್ರ ಸಾಕು, ಸ್ಟಾಫ್ ರೂಮಿನಾಗಾಗ್ಲಿ, ಮದವಿ ಪಂಕ್ತ್ಯಾಗಾಗ್ಲಿ, ಇದೊಂದ ಪ್ರಶ್ನೆ. "ಮೇಡಮ್, ನಿಮ್ಮ ಫಾರಿನ್ ಹುಡುಗ್ರು ಸೆಮಿನಾರ್‌ನ್ಯಾಗ ಮಾತಾಡಂಗೇ ಇಲ್ಲಂತಲ್ರಿ, ಇಂಗ್ಲಿಷ್ ಬರಂಗಿಲ್ಲೇನು?" ಇಷ್ಟ ದಿನ ನಗಕೋತ ಉತ್ತರ ಕೊಟ್ಟೆ. ಇನ್ಮ್ಯಾಲೆ ಇದನ್ನ ವಾಟ್ಸಾಪ್ ಮಾಡ್ತೀನಿ, ಓದ್ಕೋರಿ.

ಬರ್ತದ್ರೀ. ಕೇಳೋರಿಗಿಂತ ಚಲೋ ಬರ್ತದ. ಟಾಂಜಾನಿಯಾದಾಗ ಪ್ರೈಮರಿ ಸ್ವಾಹಿಲಿ ಮೀಡಿಯಂ, ಸೆಕೆಂಡರಿಗೆ ಬಂದ ಮ್ಯಾಲ ಇಂಗ್ಲಿಷ್ ಮೀಡಿಯಂ. ಬೈಲಹೊಂಗಲದಾಗ ಕನ್ನಡ ಸಾಲಿ ಮುಗಿಸಿ ಪಿಯುಸಿ ಸೈನ್ಸಿಗೆ ಬಂದು ಆರ ತಿಂಗಳ ಮೂಕರಂಗ ಕುಂತ ನಮ್ಮ ಹುಡುಗ್ರು ದಡ್ಡರಾಗಿದ್ರೇನು?

ಒಮ್ಮೆ ಬ್ಯಾರೆ ಊರಿಂದ ಒಬ್ಬ ದೊಡ್ಡ ಸರ ಗೆಸ್ಟ್ ಆಗಿ ಬಂದಿದ್ರು. ವಿಷಯ ಕಾಲರಾ. 1854ರಾಗ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನಿಂದ ಕಾಲರಾ ಹಬ್ಬಾಕತ್ತದ ಅಂತ ಅದರ ಹಿಡಕಿ ತಗಿಸಿದ ಡಾಕ್ಟರ್ ಜಾನ್ ಸ್ನೋ ಕಥಿ ಹೇಳಿ, "ನಿಮ್ಮ ಊರಾಗ ಆಗಿದ್ರ ಜನಾ ಪಂಪ್ ಬಂದ್ ಮಾಡಾಕ ಬಿಡ್ತಿದ್ರೇನು?" ಅಂತ ಕೇಳಿದ್ರು. ಪ್ರಶ್ನೆ ಖರೇನೂ ಚಲೋ ಇತ್ತು. ಆದ್ರ ಕೇಳಿ ಉಸರ ತಗೊಳ್ಳೋದ್ರಾಗ "ಯಾರಿಗೂ ಗೊತ್ತಿಲ್ಲ?" ಅಂದು ತಾವ ಶುರು ಹಚ್ಚಿದ್ರು, ನಡಕ ಮರಾಠ್ಯಾಗ ಒಂದು ಜೋಕ್ ಒಗದ್ರು, ಅರ್ಧಾ ಕ್ಲಾಸ್ ನಕ್ತು, ಉಳದವ್ರು ಒಬ್ಬರ ಮಾರಿ ಒಬ್ಬರು ನೋಡ್ಕೋತ ಕುಂತ್ರು. ಆ ಉಳದವ್ರಾಗ ಯೆಮನ್ ಹುಡುಗ ಒಬ್ಬ ಇದ್ದ. 2017ರ ಕೊನೀಗೆ ಯೆಮನ್‌ನ್ಯಾಗ ಕಾಲರಾ ಅಂತ ಸಂಶಯ ಪಟ್ಟ ಕೇಸು 10 ಲಕ್ಷ ದಾಟಿದ್ವು. ಅಂಥಾ ದೇಶದಿಂದ ಬಂದಂವ ಎರಡನೇ ಬೆಂಚಿನಾಗ ಕುಂತಾನ, ಅಂವಗ ಇವರು ಕಾಲರಾ ಅಂದ್ರೇನು ಅಂತ ಹೇಳಾಕತ್ತಾರ! ಹೊರಗ ಬಂದು ನನ್ನನ್ನ ಕೇಳಿದ್ದೂ ಅದ, "ಇವು ಮಾತಾಡಂಗಿಲ್ಲಲ್ರಿ ಮೇಡಮ್."

ಮೇರಿ ಬಡ್ ರೋ ಅನ್ನೋ ಅಮೆರಿಕದ ಸಂಶೋಧಕಿ 1970ರ ದಶಕದಾಗ ಕ್ಲಾಸುಗಳ ರೆಕಾರ್ಡಿಂಗ್ ಕೇಳಿ ಹೇಳಿದ್ದು, ಮಾಸ್ತರು ಪ್ರಶ್ನೆ ಕೇಳಿ ಕಾಯೋದು ಬರೇ 1 ಸೆಕೆಂಡಿನಷ್ಟ. 3 ಸೆಕೆಂಡ್ ಕಾದ್ರ ಉತ್ತರ ಉದ್ದ ಆಗ್ತಾವು, ಸುಮ್ನಿದ್ದೋರೂ ಮಾತಾಡ್ತಾರ. ಸ್ವಾಹಿಲಿಯೊಳಗೋ ಅರಬ್ಬಿಯೊಳಗೋ ವಿಚಾರ ಮಾಡಿ ಇಂಗ್ಲಿಷಿಗೆ ತರಬೇಕಾದ್ರ ಆ ಒಂದು ಸೆಕೆಂಡಿನಾಗ ಏನಾಗ್ತದ, ನೀವ ಹೇಳ್ರಿ.

ನಾನು ಮಾಡೋದು ಭಾರಿ ಏನಲ್ಲ. ಹಿಂದಿನ ದಿನಾನ ಪ್ರಶ್ನೆ ಗ್ರೂಪಿಗೆ ಹಾಕ್ತೀನಿ, ಕ್ಲಾಸಿನಾಗ ಎರಡ ನಿಮಿಷ ಬರೀರಿ, ಬಾಜೂಕಿನವ್ರ ಜೋಡಿ ಮಾತಾಡ್ರಿ, ಆಮ್ಯಾಲೆ ಎಲ್ಲಾರ ಮುಂದ. ಥಿಂಕ್-ಪೇರ್-ಶೇರ್ ಅಂತಾರ, ಫ್ರಾಂಕ್ ಲೈಮನ್ ಅನ್ನೋರು 1981ರಾಗ ಬರದಿಟ್ಟದ್ದು, ನನ್ನ ತಲ್ಯಾಗ ಹುಟ್ಟಿದ್ದಲ್ಲ. ಚರ್ಚೆ ಮುಂದ ಹೋಗಿದ್ರೂ "ಆಗಿನ ಮಾತಿಗೆ ವಾಪಸ್ ಬರ್ತೀನಿ ಮೇಡಮ್" ಅನ್ನಬಹುದು ಅಂತ ಮೊದಲನೇ ದಿನಾನ ಹೇಳಿಬಿಡ್ತೀನಿ, ನನ್ನ ಮಟ್ಟಿಗೆ ಎಲ್ಲಾದಕ್ಕಿಂತ ಹೆಚ್ಚು ಉಪಯೋಗ ಆಗಿದ್ದು ಇದ.

ಆದ್ರ ನಂಗ ಕೇಳಬೇಕಾಗಿದ್ದ ಪ್ರಶ್ನೆ ಬ್ಯಾರೆ ಐತಿ. ನನ್ನ ಕ್ಲಾಸಿನಾಗ ಎಲ್ಲಾದಕ್ಕೂ ಮೊದಲ ಬಾಯಿ ಹಾಕೋ ಮೂರು ಮಂದಿ ಲೋಕಲ್ ಹುಡುಗ್ರು ಅದಾರ, ಅವ್ರು ಯಾಕ ಸುಮ್ಮನ ಕುಂದ್ರಂಗಿಲ್ಲ? ಇದನ್ನ ಒಬ್ಬರೂ ಕೇಳಂಗಿಲ್ಲ, ಉಲ್ಟಾ ಅವ್ರಿಗೆ ಆಕ್ಟಿವ್ ಅಂತಾರ. ಸಿಬಿಟಿ ಸ್ಟ್ಯಾಂಡಿನಾಗ ಬಸ್ ನಿಲ್ಲೋದ್ರಾಗ ಕಿಟಕ್ಯಾಗಿಂದ ಟವಲ್ ಒಗದು ಸೀಟ್ ಹಿಡಿತಾರಲ್ಲ, ಹಂಗ "ಮೇಡಮ್, ಬೇಸಿಕಲಿ" ಅಂತ ಮೊದಲ ಒಗದುಬಿಡ್ತಾರ, ಏನ್ ಹೇಳಬೇಕು ಅನ್ನೋದು ಕುಂತ ಮ್ಯಾಲ ವಿಚಾರ ಮಾಡ್ತಾರ. ಓದ್ಕೊಂಡ ಬಂದಾಕಿ ನಿಂತಾಳ, ಟವಲ್ ಕುಂತದ.

ಅದಕ್ಕ ಒಬ್ಬೊಬ್ಬರಿಗೆ ಎರಡ ಸಲ ಅಷ್ಟ, ಮೂರನೇ ಸಲ ಬೇಕಂದ್ರ ಉಳದವ್ರೆಲ್ಲಾ ಒಮ್ಮೆರ ಮಾತಾಡಿರಬೇಕು ಅಂತ ರೂಲ್ ಮಾಡಿದೆ. ವಾರ ಆಗಿತ್ತೋ ಇಲ್ಲೋ, ಒಬ್ಬ ಟವಲ್ ವೀರನ ಅಪ್ಪನ ಫೋನ್ ಬಂತು, ಪಿಜಿ ಓದೋ ಮಗಂದು! "ನಮ್ಮ ಹುಡುಗನ್ನ ಮಾತಾಡಾಕ ಬಿಡವಲ್ರಂತಲ್ರಿ ಮೇಡಮ್?" ಹಂಗಲ್ರಿ ಸರ, ಅಂತ ಕಾರಣ ಹೇಳಾಕ ಹೋದ್ರ ಅವರೂ ನನ್ನನ್ನ ಮಾತಾಡಾಕ ಬಿಡ್ಲಿಲ್ಲ.