ತೆಂಗಿನ ಚಿಪ್ಪು ತೇಲ್ತದಾ, ಮುಳುಗ್ತದಾ?

ಮಂಡ್ಯ ಸೀಮೆಯ ಒಂದು ಸರ್ಕಾರಿ ಶಾಲೆ. ನಲಿ-ಕಲಿ ಕೊಠಡಿಯಲ್ಲಿ ಒಂದರಿಂದ ಮೂರನೇ ತರಗತಿವರೆಗಿನ 24 ಮಕ್ಕಳು ಒಟ್ಟಿಗೆ ಕೂತಿದ್ದಾರೆ. ಶನಿವಾರ ಬೆಳಗಿನ ಶಾಲೆ, ಅವತ್ತಿನ ಚಟುವಟಿಕೆ ತೇಲು-ಮುಳುಗು. ಗಂಟೆ ಹೊಡೆಯುವ ಮುಂಚೆ ಮುಗಿಸಬೇಕಾದ ಕೆಲಸವೇ ಇದರಲ್ಲಿ ಮುಕ್ಕಾಲು ಪಾಲು.

ಆರು ಮಕ್ಕಳಿಗೆ ಒಂದರಂತೆ ನಾಲ್ಕು ಟಬ್ಬು. ಒಂದಡಿ ಅಗಲದ ಟಬ್ಬಿಗೆ ಅರ್ಧ ಅಡಿ ನೀರು ತುಂಬಲು ಸುಮಾರು ಹತ್ತು ಲೀಟರ್ ಬೇಕು. ಬೆಂಚಿನ ಮೇಲಿಟ್ಟರೆ ಮಕ್ಕಳು ಬಗ್ಗಿ ನೋಡುವ ಭರದಲ್ಲಿ ಉರುಳಿಸುತ್ತಾರೆ, ಹಾಗಾಗಿ ನೆಲದ ಮೇಲೆ ಗೋಣಿಚೀಲ ಹಾಸಿ ಇಡುವುದು. ಚೀಲ ಚೆಲ್ಲಿದ ನೀರನ್ನೂ ಹೀರಿಕೊಳ್ಳುತ್ತದೆ, ಟೈಲ್ಸ್ ನೆಲದಲ್ಲಿ ಕಾಲು ಜಾರುವುದೂ ತಪ್ಪುತ್ತದೆ.

ನೀರಿನ ಆಳದಲ್ಲಿ ಜುಗ್ಗತನ ಮಾಡಬಾರದು. ಅವತ್ತು ಒಂದು ಟಬ್ಬಿಗೆ ಎರಡು ಬೆರಳಷ್ಟೇ ನೀರು ಬಿದ್ದಿತ್ತು. ಕಿತ್ತಳೆ ಹಣ್ಣು ತಳ ಮುಟ್ಟಿ ನಿಂತಿತು. "ಮುಳುಗೋಯ್ತು ಮಿಸ್!" ಎಂದು ಆ ಗುಂಪು ಗೀಟು ಹಾಕಿಯೂ ಆಯಿತು. ಮಕ್ಕಳು ಕಂಡದ್ದನ್ನೇ ಹೇಳಿದ್ದರು, ತಪ್ಪು ನೀರು ತುಂಬಿದವರದು. ಇನ್ನೊಂದು ಬಿಂದಿಗೆ ಸುರಿದ ಮೇಲೆ ಹಣ್ಣು ಎದ್ದು ತೇಲಿತು. ಅದೇ ಹಣ್ಣಿನ ಸಿಪ್ಪೆ ಸುಲಿದು ಬಿಟ್ಟರೆ ಮುಳುಗಿತು. ಸಿಪ್ಪೆಯ ಒಳಪದರದಲ್ಲಿ ಗಾಳಿ ತುಂಬಿರುತ್ತದೆ.

ಸಾಮಾನು ಟಬ್ಬಿಗೆ ಏಳೆಂಟು ಸಾಕು: ಕಲ್ಲು, ಕಬ್ಬಿಣದ ಮೊಳೆ, ಅಂಗೈಯಗಲ ಮರದ ತುಂಡು, ಹುಣಸೆಬೀಜ, ಮೇಣದಬತ್ತಿ ಚೂರು, ಸೀಮೆಸುಣ್ಣ, ತೆಂಗಿನ ಚಿಪ್ಪು. ರಾಗಿ, ಸಾಸಿವೆಯಂಥ ಸಣ್ಣ ಕಾಳು ಬೇಡ. ನೀರಿನ ಮೇಲ್ಮೈ ಎಳೆತವೇ ಕೆಲವನ್ನು ಹಿಡಿದುಕೊಂಡು ಮಕ್ಕಳ ದಾರಿ ತಪ್ಪಿಸುತ್ತದೆ. ಗುಂಡಿ ಬ್ಯಾಟರಿಯನ್ನಂತೂ ಕೊಠಡಿಯೊಳಕ್ಕೇ ತರಬಾರದು. ನುಂಗಿದರೆ ಜೀವಕ್ಕೇ ಅಪಾಯ.

ಬಿಡುವ ಮುಂಚೆ ಊಹೆ ಹೇಳಿಸಲೇಬೇಕು. ಗೋಡೆಯುದ್ದಕ್ಕೂ ಮಕ್ಕಳ ಎತ್ತರಕ್ಕೇ ಇರುವ ಕಪ್ಪು ಹಲಗೆ ಇಲ್ಲಿ ಒದಗಿ ಬರುತ್ತದೆ. ಬರೆಯಲು ಬಾರದವರೂ ಮೇಲ್ಬಾಣ, ಕೆಳಬಾಣ ಹಾಕಬಲ್ಲರು. "ಭಾರ ಇದ್ರೆ ಮುಳುಗ್ತದೆ" ಎಂದು ಹೆಚ್ಚಿನವರು ಸಾಧಿಸುತ್ತಿದ್ದರು. ಅದಕ್ಕೇ ಮೊಳೆಯ ಪಕ್ಕ ಮರದ ತುಂಡು ಇಟ್ಟದ್ದು. ಕೈಯಲ್ಲಿ ಭಾರವಾದ ಮರ ತೇಲಿತು, ಹಗುರಾದ ಮೊಳೆ ಸೀದಾ ತಳ ಸೇರಿತು. ಇಲ್ಲಿ ಸಾಂದ್ರತೆ ಎಂಬ ಮಾತು ಎತ್ತದಿರುವುದೇ ಲೇಸು. ಎತ್ತಿದರೆ ಉರು ಹೊಡೆದು ಒಪ್ಪಿಸುತ್ತಾರೆ, ಅಷ್ಟೆ.

ಜಗಳ ಹತ್ತಿದ್ದು ಚಿಪ್ಪಿನಲ್ಲಿ. ಒಂದು ಗುಂಪಿನದು ತೇಲಿತು, ಪಕ್ಕದವರದು ಮುಳುಗಿತು. ಎರಡೂ ಒಂದೇ ಕಾಯಿಯ ಹೋಳು. ಯಾರದು ಸುಳ್ಳು? ಉತ್ತರ ಹೇಳುವ ಚಪಲವನ್ನು ಮಿಸ್ ಐದು ನಿಮಿಷ ತಡೆದುಕೊಂಡರು. ಆಮೇಲೆ ಒಬ್ಬಳು ಚಿಪ್ಪನ್ನು ಅಂಗಾತ ಬಿಟ್ಟು ನೋಡಿದಳು, ಓರೆ ಮಾಡಿ ನೀರು ತುಂಬಿಸಿಯೂ ನೋಡಿದಳು. "ಸಂಗಮದ ತೆಪ್ಪ ಇದ್ದಂಗದೆ, ನೀರು ಒಳಕ್ಕೋದ್ರೆ ಮುಳುಗ್ತದೆ!" ಶ್ರೀರಂಗಪಟ್ಟಣದ ಹರಿಗೋಲು ಕಂಡ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕೆ?

ಅಲ್ಲಿಂದ ಮಣ್ಣಿನ ತೆಪ್ಪಕ್ಕೆ ಸಲೀಸಾಗಿ ದಾಟಬಹುದು. ನಿಂಬೆಗಾತ್ರದ ಜೇಡಿಮಣ್ಣಿನ ಉಂಡೆ ಮುಳುಗುತ್ತದೆ, ಅದನ್ನೇ ಬಟ್ಟಲು ಮಾಡಿದರೆ ತೇಲುತ್ತದೆ, ಮೇಲೆ ಹುಣಸೆಬೀಜ ಎಣಿಸಿ ಹೇರಬಹುದು. ಮಣ್ಣನ್ನು ಹಿಂದಿನ ದಿನವೇ ಕಲ್ಲು, ಮರಳು ತೆಗೆದು ನಾದಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಇಲ್ಲದಿದ್ದರೆ ಅಂಚು ಬಿರಿಯುತ್ತದೆ. ತುಂಬಾ ಹೊತ್ತು ನೀರಲ್ಲಿ ಬಿಟ್ಟರೂ ಕರಗಿ ಕುಸಿಯುತ್ತದೆ.

ಕೊನೆಗೆ ಆಲೂಗೆಡ್ಡೆ. ಸಾದಾ ನೀರಲ್ಲಿ ಮುಳುಗುವ ತುಂಡು, ಲೀಟರಿಗೆ 200 ಗ್ರಾಂ ಪುಡಿ ಉಪ್ಪು ಪೂರ್ತಿ ಕರಗಿಸಿದ ನೀರಲ್ಲಿ ತೇಲುತ್ತದೆ. ಕಲ್ಲುಪ್ಪಾದರೆ ಕರಗುವಷ್ಟರಲ್ಲಿ ಮಕ್ಕಳ ತಾಳ್ಮೆ ಮುಗಿದಿರುತ್ತದೆ.

ಮುಗಿದ ತಕ್ಷಣ ಟಬ್ಬು ಖಾಲಿ ಮಾಡಿ ಕವುಚಿ ಹಾಕಬೇಕು. ಚಿಕ್ಕ ಮಕ್ಕಳಿರುವ ಕಡೆ ಅಷ್ಟು ನೀರೂ ಅಪಾಯವೇ. ಸಾದಾ ನೀರು ಬಿಸಿಯೂಟದ ಕೋಣೆ ಹಿಂದಿನ ಕರಿಬೇವಿಗೆ ಹೋಯಿತು. ಉಪ್ಪುನೀರು ಗಿಡಕ್ಕಾಗದು, ಅದನ್ನು ಮೋರಿಗೆ ಚೆಲ್ಲಿದ್ದಾಯಿತು.