ಯಾವ ಇಯರ್‌ಫೋನ್ ತಗೊಳ್ಳಲಿ?

"ಒಂದು ಒಳ್ಳೆ ಇಯರ್‌ಫೋನ್ ಇದ್ರೆ ಹೇಳಿ" ಅಂತ ಕೇಳುವವರು ಮಾಡೆಲ್ ಹೆಸರಿಗೆ ಕಾಯುತ್ತಿರುತ್ತಾರೆ. ಕಿವಿಯೊಳಗೆ ಕೂರುವಂಥದ್ದಾದರೆ ನಾನು ಮೊದಲು ಕೇಳುವುದು ಒಂದೇ: ಅದು ನಿಮ್ಮ ಕಿವಿಗೆ ಬಿಗಿಯಾಗಿ ಕೂರುತ್ತಾ?

ಬೇಸ್ (ಡೋಲಿನಂಥ ದಪ್ಪ ಸದ್ದು) ಇಲ್ಲ, ತಗಡು ಬಡಿದ ಹಾಗೆ ಕೇಳುತ್ತೆ ಎಂದು ದೂರುವವರು ಮೊದಲು ತುದಿಯ ರಬ್ಬರ್ ನೋಡಬೇಕು. ಚೂರು ಸಂದು ಇದ್ದರೂ ಬೇಸ್ ಸೋರಿಹೋಗುತ್ತದೆ. ಹಾಡು ಹಾಕಿ, ಎರಡೂ ಕಡೆ ಬೆರಳಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಬೇಸ್ ಥಟ್ಟನೆ ಜಾಸ್ತಿ ಆಯ್ತಾ? ಹಾಗಾದರೆ ಸೈಜ್ ಸರಿಯಿಲ್ಲ. ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಸೈಜ್ ಇರುತ್ತವೆ, ಆದರೆ ಎಷ್ಟೋ ಜನ ಮೊದಲೇ ಹಾಕಿರುವ ಮಧ್ಯದ್ದನ್ನು ಬಿಚ್ಚುವುದೇ ಇಲ್ಲ. ಎಡಗಿವಿಗೊಂದು, ಬಲಗಿವಿಗೊಂದು ಸೈಜ್ ಬೇಕಾಗುವುದೂ ಉಂಟು. ಈ ಸಿಲಿಕೋನ್ ರಬ್ಬರ್ ಜಾರಿ ಬೀಳುತ್ತಿದ್ದರೆ ಸ್ಪಂಜಿನಂಥ ಫೋಮ್ ತುದಿ ಹಾಕಿ ನೋಡಿ. ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ ತೂರಿಸಿ, ಅದು ಒಳಗೆ ಉಬ್ಬುವ ತನಕ ಹಿಡಿದುಕೊಳ್ಳಿ. ಬೇಗ ಸವೆಯುತ್ತದೆ, ಅದೊಂದು ತಾಪತ್ರಯ.

ಡಬ್ಬಿ ಮೇಲಿನ "20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್" (ತೀರಾ ದಪ್ಪ ಸದ್ದಿನಿಂದ ತೀರಾ ಕೀಚಲು ಸದ್ದಿನ ತನಕ ಅನ್ನುವ ಅಳತೆ) ನೋಡಿ ಮರುಳಾಗಬೇಡಿ. ಹೆಚ್ಚುಕಮ್ಮಿ ಎಲ್ಲರೂ ಅದನ್ನೇ ಬರೆಯುತ್ತಾರೆ. ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ದೊಡ್ಡದಿದ್ದರೆ ಸದ್ದು ಚೆನ್ನಾಗಿರುತ್ತೆ ಅನ್ನುವುದೂ ಗ್ಯಾರಂಟಿ ಇಲ್ಲ. ಎಲ್‌ಡಿಎಸಿ (ಬ್ಲೂಟೂತ್‌ನಲ್ಲಿ ಹಾಡನ್ನು ಹೆಚ್ಚು ಗುಣಮಟ್ಟದಲ್ಲಿ ಕಳಿಸುವ ವಿಧಾನ) ಎಂದು ದೊಡ್ಡದಾಗಿ ಬರೆದಿದ್ದರೆ ನಿಮ್ಮ ಫೋನಿನಲ್ಲೂ ಅದು ಇರಬೇಕು. ಐಫೋನ್‌ನಲ್ಲಿ ಇಲ್ಲ.

ವೈರ್ ಇರೋದಾ, ಇಲ್ಲದ್ದಾ? ಓಡಾಟಕ್ಕೆ ವೈರ್‌ಲೆಸ್ಸೇ ಆರಾಮ. ಆದರೆ ಅದರ ಪುಟಾಣಿ ಬ್ಯಾಟರಿ ವರ್ಷ ಕಳೆದಂತೆ ಸೊರಗುತ್ತದೆ, ಬದಲಾಯಿಸುವುದು ಕಷ್ಟ. ಬಹಳ ವರ್ಷ ಬಾಳಬೇಕು ಅನ್ನುವವರಿಗೆ ನಾನು ಹೇಳುವುದು ವೈರ್ ಬಿಚ್ಚಿ ಹಾಕುವಂಥದ್ದನ್ನೇ. ವೈರ್ ಕಿತ್ತುಹೋದರೆ ವೈರ್ ಮಾತ್ರ ಹೊಸದು ಸಾಕು.

ಬೆವರಿಗೆ ಐಪಿಎಕ್ಸ್4 (ನೀರಿನ ಎರಚಲು ತಡೆಯುವ ದರ್ಜೆ) ಸಾಕು. ನಾಯ್ಸ್ ಕ್ಯಾನ್ಸಲಿಂಗ್ (ಹೊರಗಿನ ಸದ್ದನ್ನು ಅಳಿಸುವ ಸೌಲಭ್ಯ) ಇದ್ದರೆ ಅದು ಎಂಜಿನ್, ಫ್ಯಾನಿನಂಥ ಒಂದೇ ಸಮನೆ ಗುಂಯ್‌ಗುಡುವ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಪಕ್ಕದವರ ಮಾತನ್ನು ಅಷ್ಟಾಗಿ ಅಲ್ಲ. ಈ ಕ್ಯಾನ್ಸಲಿಂಗ್ ಚೆನ್ನಾಗಿ ಕೆಲಸ ಮಾಡುವುದಕ್ಕೂ ಬಿಗಿ ಬೇಕು. ಹೊರಗಿನ ಸದ್ದು ಕಮ್ಮಿಯಾದರೆ ವಾಲ್ಯೂಮ್ ಏರಿಸುವ ಚಟವೂ ಕಮ್ಮಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಜೋರಿನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ 4 ಗಂಟೆ ಅಷ್ಟೆ.

ಇಷ್ಟೆಲ್ಲಾ ಹೇಳಿದ ಮೇಲೂ ಕೆಲವರಿಗೆ ಈ ಬಿಗಿಯೇ ಆಗುವುದಿಲ್ಲ. ಕಿವಿ ಮುಚ್ಚಿದಾಗ ತಮ್ಮ ಮಾತು, ಅಗಿಯುವ ಸದ್ದು, ಹೆಜ್ಜೆ ಸದ್ದು ಎಲ್ಲ ತಲೆಯೊಳಗೇ ಗುಡುಗುತ್ತವೆ. ದಿನವಿಡೀ ಫೋನಲ್ಲಿ ಮಾತಾಡುವವರಿಗಂತೂ ಇದು ದೊಡ್ಡ ಕಿರಿಕಿರಿ. ಅಂಥವರು ಕಿವಿಯ ಬಾಯಲ್ಲೇ ಕೂರುವ, ರಬ್ಬರ್ ಇಲ್ಲದ ಇಯರ್‌ಬಡ್ ತಗೊಳ್ಳಲಿ. ಬೇಸ್ ಕಮ್ಮಿ ಇದ್ದರೂ ಪರವಾಗಿಲ್ಲ.